ತಾಂಪೆರೆಯಲ್ಲಿ ಬಿಟ್ಟುಬಂದ ಒಂದು ಹಿಡಿ

ಹೊರ್ತಿ ಕ್ರಾಸ್

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಅನುಕೂಲ. ಹಲ್ಲಿ ಲೊಚಗುಟ್ಟಿದರೆ ಹೆದರುತ್ತೇನೆ, ಲೊಚಗುಟ್ಟದೆ ಗೋಡೆಯ ಮೇಲೆ ಸುಮ್ಮನೆ ಕೂತರೆ ಇನ್ನೂ ಹೆದರುತ್ತೇನೆ. ಇಂಥವಳಿಗೆ ಹೆದರಿಕೆಯನ್ನೇ ಹೊಟ್ಟೆಪಾಡು ಮಾಡಿಕೊಳ್ಳುವ ಕೆಲಸ ಸಿಕ್ಕಿತ್ತು. ವಿಡಿಯೋ ಗೇಮ್ ಮಾರಾಟಕ್ಕೆ ಬರುವ ಮೊದಲು ಅದನ್ನು ನೂರಾರು ಸಲ ಆಡಿ, ಯಾವ ಬಾಗಿಲು ತೆರೆಯುವುದಿಲ್ಲ, ಯಾವ ಗೋಡೆಯೊಳಗೆ ಕೈ ಹೋಗುತ್ತದೆ, ಎಲ್ಲಿ ನೆಲ ಕುಸಿಯುತ್ತದೆ ಎಂದು ಹುಡುಕಿ ಬರೆದುಕೊಡುವುದು. ಟೆಸ್ಟರ್ ಅನ್ನುತ್ತಾರೆ. ನಮ್ಮ ಅವ್ವ ಮಾತ್ರ ತನ್ನ ಶಾಲೆಯ ಟೀಚರುಗಳಿಗೆ, "ನಮ್ಮ ಲೀಲಾ ಆಟಾ ಆಡಿ ಪಗಾರ ತಗೋತಾಳ್ರಿ" ಎಂದು ಹೇಳಿ ನನ್ನ ಮರ್ಯಾದೆ ಕಳೆಯುತ್ತಾಳೆ.

ಹೊರ್ತಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು, ಮೂರು ವರ್ಷಗಳಿಂದ ಫಿನ್ಲೆಂಡಿನ ಒಂದು ಕಂಪನಿಗೆ ಈ ಕೆಲಸ ಮಾಡುತ್ತಿದ್ದೆ. ಕಾಯಂ ಅಲ್ಲ. ಆರಾರು ತಿಂಗಳಿಗೆ ಕರಾರು ಮುಂದುವರಿಯುತ್ತಿತ್ತು, ಪ್ರತಿ ಐದನೆಯ ತಿಂಗಳು ನನ್ನ ಊಟ ಕಡಿಮೆಯಾಗುತ್ತಿತ್ತು. ಅಂಥ ಒಂದು ಐದನೆಯ ತಿಂಗಳಲ್ಲೇ ಪತ್ರ ಬಂತು. ಹೊಸ ಗೇಮ್ ಬಿಡುಗಡೆಗೆ ಮೊದಲು ಮೂರು ವಾರ ತಾಂಪೆರೆ ಊರಿಗೆ ಬಂದು ಎಲ್ಲರ ಜೊತೆ ಕೂತು ಕೆಲಸ ಮಾಡಿ, ಆಮೇಲೆ ಕರಾರಿನ ಟೆಸ್ಟರುಗಳಲ್ಲಿ ಒಬ್ಬರನ್ನು ಕಾಯಂ ಮಾಡುವ ವಿಚಾರವಿದೆ ಎಂದಿತ್ತು. ಓದಿ ಕುಣಿಯಬೇಕು ಅನ್ನುವಷ್ಟರಲ್ಲಿ ಕೊನೆಯ ಸಾಲು ಕಣ್ಣಿಗೆ ಬಿತ್ತು. "ನೀವು ತಪ್ಪು ಹುಡುಕುವ ವಿಧಾನವನ್ನು ದಾಖಲಿಸಿಕೊಳ್ಳಬೇಕಾಗಿದೆ." ಯಾಕೆ ದಾಖಲಿಸಿಕೊಳ್ಳಬೇಕು? ಗೇಮ್ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿರುವ ಸುದ್ದಿಯನ್ನು ದಿನಾ ಬೆಳಿಗ್ಗೆ ಚಹಾದ ಜೊತೆ ಓದುತ್ತಿದ್ದವಳು ನಾನು. ಆ ಒಂದು ಸಾಲು ಎದೆಯೊಳಗೆ ಮುಳ್ಳಿನ ಹಾಗೆ ಕೂತಿತು.

ಸೋಲಾಪುರದ ಬಸ್ಸಿಗೆ ಬಿಡಲು ಅವ್ವ ತನ್ನ ಸ್ಕೂಟಿಯಲ್ಲಿ ಕ್ರಾಸಿನವರೆಗೆ ಬಂದಳು. ಬಸ್ಸು ಬಂದಾಗ ಬಾಯಿ ತಪ್ಪಿ, "ಹೋಗ್ತೇನವ್ವಾ" ಅಂದೆ.

"ಬರ್ತೇನಿ ಅನ್ನು! ಸಾಲಿ ಕಲಿತಾಕಿ, ಒಂದ್ ಮಾತ್ ಸುದ್ದಾ ಆಡಾಕ ಬರೂದಿಲ್ಲ."

ನಮ್ಮ ಮನೆಯಲ್ಲಿ ಕೆಲವು ಮಾತುಗಳಿಗೆ ಪ್ರವೇಶವಿಲ್ಲ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಅಕ್ಕಿ, ಬೇಳೆ, ಕುಂಕುಮ ಯಾವುದೂ ಮುಗಿಯುವುದಿಲ್ಲ, ಎಲ್ಲವೂ ಹೆಚ್ಚುತ್ತವೆ. "ಬ್ಯಾಳಿ ಹೆಚ್ಚೈತಿ" ಎಂದು ಅವ್ವ ಒಳಗಿನಿಂದ ಕೂಗಿದರೆ ಚೀಲ ಹಿಡಿದು ಅಂಗಡಿಗೆ ಓಡಬೇಕು. ಆದರೂ ಅವಳು ಡಬ್ಬಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಹಿಡಿ ಬಿಟ್ಟೇ ಹೊಸದನ್ನು ಸುರಿಯುತ್ತಾಳೆ.

"ಬರ್ತೇನವ್ವಾ" ಎಂದು ತಿದ್ದಿಕೊಂಡು ಬಸ್ಸು ಹತ್ತಿದೆ. ಆದರೆ ಮೊದಲು ಹೇಳಿದ್ದು ಹೇಳಿಯಾಗಿತ್ತು. ಸೋಲಾಪುರ ಮುಟ್ಟುವವರೆಗೂ ಅದೇ ಕೊರೆಯಿತು.

ಇಳಿದ ದಿನ

ತಾಂಪೆರೆಯಲ್ಲಿ ರೈಲಿನಿಂದ ಇಳಿದಾಗ ಮಧ್ಯಾಹ್ನ ನಾಲ್ಕು ಗಂಟೆ, ಊರಿನಲ್ಲಿ ಕಗ್ಗತ್ತಲು. ನವೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯ ಸಹಿ ಹಾಕಿ ಹೋಗುವ ನೌಕರನಂತೆ ಬಂದು ಹೋಗುತ್ತಾನೆ ಎಂದು ಕೇಳಿದ್ದೆ. ಕೇಳುವುದು ಬೇರೆ, ಹಗಲಿನಲ್ಲಿ ಕತ್ತಲೆಯೊಳಗೆ ಪೆಟ್ಟಿಗೆ ಎಳೆದುಕೊಂಡು ನಿಲ್ಲುವುದು ಬೇರೆ.

ಬಸ್ ಸ್ಟಾಪಿನಲ್ಲಿ ಮೂವರಿದ್ದರು. ಒಬ್ಬರಿಂದೊಬ್ಬರು ಒಂದೊಂದು ಎಮ್ಮೆ ಕಟ್ಟುವಷ್ಟು ದೂರ. ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟಾವೆಲ್ ಎಸೆದು ಸೀಟು ಹಿಡಿದು ಬೆಳೆದವಳು ನಾನು. ಅಭ್ಯಾಸಬಲದಿಂದ ಒಬ್ಬ ಅಜ್ಜಿಯ ಪಕ್ಕಕ್ಕೆ ಹೋಗಿ ನಿಂತೆ. ಅಜ್ಜಿ ಒಂದು ಹೆಜ್ಜೆ ಸರಿದರು. ನಾನೂ ಸರಿದೆ. ಅವರು ಮತ್ತೆ ಸರಿದರು. ಹೀಗೆ ಸರಿದು ಸರಿದು ಅಜ್ಜಿಯನ್ನು ಸ್ಟಾಪಿನ ಮಾಡಿನಿಂದ ಹೊರಗೆ ಮಂಜಿನಲ್ಲಿ ನಿಲ್ಲಿಸಿಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಮೂವರು ಹತ್ತಿಹೋದ ಮೇಲೆ ನನ್ನ ಬಸ್ಸು ಬಂತು, ನಿಲ್ಲದೆ ಹೋಯಿತು. ಇಪ್ಪತ್ತು ನಿಮಿಷದ ನಂತರ ಇನ್ನೊಂದು ಬಂತು, ಅದೂ ಹೋಯಿತು. ಡ್ರೈವರ್ ನನ್ನನ್ನು ನೋಡಲೇ ಇಲ್ಲ. ಆಗ ಹುಟ್ಟಿದ ದಿಗಿಲನ್ನು ಹೇಗೆ ಹೇಳಲಿ! ನಾನು ಇಲ್ಲಿ ಯಾರ ಕಣ್ಣಿಗೂ ಕಾಣುತ್ತಿಲ್ಲವೇನೋ ಅನ್ನಿಸಿತು. ಕೊನೆಗೆ ನನ್ನನ್ನು ಹುಡುಕುತ್ತ ಹೆಲ್ಮಿ ಬಂದಳು. ಅವಳು ಐವತ್ತು ದಾಟಿದ ಹೆಂಗಸು, ನನ್ನಂತೆಯೇ ಕರಾರಿನ ಟೆಸ್ಟರ್. ಮೂರು ವರ್ಷಗಳಿಂದ ಪರದೆಯ ಮೇಲೆ ಮಾತ್ರ ನೋಡಿದ್ದ ಮುಖ.

"ಇಲ್ಲಿ ಕೈ ಮಾಡದಿದ್ದರೆ ಬಸ್ಸು ನಿಲ್ಲುವುದಿಲ್ಲ. ಮತ್ತೆ ಕತ್ತಲಲ್ಲಿ ಇದು ಇಲ್ಲದೆ ಯಾರೂ ಓಡಾಡುವುದಿಲ್ಲ," ಎಂದು ತನ್ನ ಕೋಟಿನಿಂದ ಒಂದು ಬಿಲ್ಲೆ ಬಿಚ್ಚಿ ನನ್ನ ಚೀಲಕ್ಕೆ ಕಟ್ಟಿದಳು. ಗಾಡಿಯ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ. ಅಲ್ಲಿ ಮಕ್ಕಳು ಮುದುಕರು ಎಲ್ಲರೂ ಇಂಥದೊಂದನ್ನು ನೇತುಹಾಕಿಕೊಂಡೇ ನಡೆಯುತ್ತಾರೆ, ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅಂಟಿಸುವಂತೆ.

ಮೊದಲ ಸೋಮವಾರ

ಆಫೀಸು ಇದ್ದದ್ದು ಹಳೆಯ ಹತ್ತಿ ಗಿರಣಿಯಲ್ಲಿ. ಕೆಂಪು ಇಟ್ಟಿಗೆ, ಎತ್ತರದ ಚಿಮಣಿ. ಸೋಲಾಪುರಕ್ಕೆ ಹೋಗಿ ಬಂದವರಿಗೆ ಅಂಥ ಚಿಮಣಿ ನೋಡಿದರೆ ಒಳಗೇನಾಗಿರುತ್ತದೆ ಎಂದು ಗೊತ್ತು. ಸಾವಿರಾರು ಜನ ದುಡಿದ ಜಾಗ, ಒಂದು ದಿನ ಕೀಲಿ ಬಿದ್ದ ಜಾಗ. ಆ ಬಾಗಿಲಿನಲ್ಲೇ ನನಗೆ ಶಕುನ ಸರಿಯಾಗಿ ಕಾಣಲಿಲ್ಲ.

ಒಳಗೆ ಎಲ್ಲರೂ ಬೂಟು ಬಿಚ್ಚಿ ಕಾಲುಚೀಲದಲ್ಲಿ ಓಡಾಡುತ್ತಿದ್ದರು. ನಮ್ಮ ಮನೆಯ ಹಾಗೇ ಇದೆಯಲ್ಲ ಎಂದು ಜೀವ ತುಸು ತಂಪಾಯಿತು. ನಾನೂ ಬಿಚ್ಚಿದೆ. ಎಡಗಾಲಿನ ಹೆಬ್ಬೆರಳು ಕಾಲುಚೀಲದಿಂದ ಹೊರಗೆ ಇಣುಕುತ್ತಿತ್ತು. ಲೋಕದ ತೂತು ಹುಡುಕುವವಳಿಗೆ ತನ್ನ ಕಾಲಿನ ತೂತು ಗೊತ್ತಿರಲಿಲ್ಲ. ಇಡೀ ದಿನ ಆ ಬೆರಳನ್ನು ಇನ್ನೊಂದು ಕಾಲಿನ ಕೆಳಗೆ ಮುಚ್ಚಿಟ್ಟುಕೊಂಡು ಕೂತೆ.

ಅರವತ್ತು ಜನರಿದ್ದ ಆ ದೊಡ್ಡ ಕೋಣೆಯಲ್ಲಿ ಸದ್ದೇ ಇಲ್ಲ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯನ್ನು ಎಲ್ಲರಿಗೂ ಹಂಚಿದೆ. ಸಂಕೋಚದಿಂದ ಒಬ್ಬ ಮುರಿದ, 'ಕಟಂ' ಎಂದಿತು. ಅರವತ್ತು ತಲೆಗಳು ಎದ್ದವು. ಆಮೇಲೆ ಎಲ್ಲರೂ ರೊಟ್ಟಿಯನ್ನು ಸಾಯಂಕಾಲ ಮನೆಗೆ ಒಯ್ದು ತಿಂದರಂತೆ.

ನಮ್ಮ ತಂಡದ ಮುಖ್ಯಸ್ಥ ಯುಕ್ಕಾ. ಆರಡಿ ಎತ್ತರ, ಕೆಂಚು ಗಡ್ಡ, ಮಾತು ಮಾತ್ರ ಗಿಡ್ಡ. ಅವನು ಬಂದು ನನ್ನ ಹಿಂದೆ ನಿಂತು ನಾನು ಆಡುವುದನ್ನು ಹತ್ತು ನಿಮಿಷ ನೋಡಿದ. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, ನನ್ನನ್ನೇ ನೋಡುತ್ತ ಅಂದ: "ನೋ... ನೀನ್."

'ನೋ' ಇಂಗ್ಲಿಷು, 'ನೀನ್' ಕನ್ನಡ. ಬೇಡ, ನೀನು! ಬಂದ ಮೊದಲ ದಿನವೇ! ಅವನಿಗೆ ಕನ್ನಡ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆ ಗಳಿಗೆಯಲ್ಲಿ ನನಗೆಲ್ಲಿತ್ತು? ಎದ್ದು ನೀರಿನ ಬಾಟಲಿ, ಡೈರಿ, ಉಳಿದ ರೊಟ್ಟಿಯ ಗಂಟು ಎಲ್ಲ ಚೀಲಕ್ಕೆ ತುಂಬತೊಡಗಿದೆ. ಯುಕ್ಕಾ ಗಾಬರಿಯಾಗಿ ಹೆಲ್ಮಿಯ ಮುಖ ನೋಡಿದ. ಹೆಲ್ಮಿ ಬಂದು ನನ್ನನ್ನು ಕೂರಿಸಿದಳು.

"ನೋ ನೀನ್ ಅಂದರೆ ಏನೂ ಅಲ್ಲ. ಸರಿ, ಆಯಿತು, ಶುರು ಮಾಡೋಣ, ಮುಗಿಸೋಣ, ಅಯ್ಯೋ, ಎಲ್ಲಕ್ಕೂ ನಾವು ಅದನ್ನೇ ಅನ್ನುತ್ತೇವೆ. ದನಿ ನೋಡಿ ಅರ್ಥ ಮಾಡಿಕೊಳ್ಳಬೇಕು."

"ಈಗ ಯಾವ ದನಿಯಲ್ಲಿ ಅಂದರು?"

ಹೆಲ್ಮಿ ಯೋಚಿಸಿದಳು. "ಅದು ನನಗೂ ಗೊತ್ತಾಗಲಿಲ್ಲ," ಎಂದಳು. ಆ ಉತ್ತರದಿಂದ ನನಗೆ ಏನೂ ಧೈರ್ಯ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ 'ದಾಖಲಿಸಿಕೊಳ್ಳುವುದು' ಏನೆಂದು ತಿಳಿಯಿತು. ಕಂಪನಿ ಒಂದು ಯಂತ್ರ ಟೆಸ್ಟರನ್ನು ತಯಾರಿಸಿತ್ತು. ತಾನಾಗಿಯೇ ಗೇಮ್ ಆಡಿ, ಗೋಡೆ ಗೋಡೆಗೂ ಹಾಯ್ದು, ತಪ್ಪುಗಳ ಪಟ್ಟಿ ಕೊಡುವ ಪ್ರೋಗ್ರಾಮು. ಅದಕ್ಕೆ ಅವರ ಭಾಷೆಯಲ್ಲಿ ನೆಲ ತೋಡುವ ಪ್ರಾಣಿಯೊಂದರ ಹೆಸರಿಟ್ಟಿದ್ದರು. ನಾನು ಮನಸ್ಸಿನಲ್ಲೇ 'ಹೆಗ್ಗಣ' ಎಂದು ಕರೆದೆ. ನಾನು ಆಡುವಾಗ ಇಡುವ ಒಂದೊಂದು ಹೆಜ್ಜೆಯನ್ನೂ ಅದು ನೋಡುತ್ತಿತ್ತು, ಕಲಿಯುತ್ತಿತ್ತು. ಯಾಕೆ ಇಲ್ಲಿ ತಿರುಗಿದೆ, ಯಾಕೆ ಈ ಬಾಗಿಲನ್ನು ಮೂರು ಸಲ ತೆರೆದೆ ಎಂದು ಪಕ್ಕದಲ್ಲಿ ಬರೆದುಕೊಡಬೇಕಿತ್ತು. ನನ್ನ ಕೆಲಸವನ್ನು ನುಂಗುವ ಪ್ರಾಣಿಗೆ ನಾನೇ ತುತ್ತು ಮಾಡಿ ಉಣಿಸುತ್ತಿದ್ದೆ.

ಗುರುವಾರ

ಬಿಡುಗಡೆ ಹತ್ತಿರ ಬಂದಂತೆ ಗೇಮ್ ಕಂಪನಿಗಳಲ್ಲಿ ಮನುಷ್ಯರು ಮನುಷ್ಯರಾಗಿ ಉಳಿಯುವುದಿಲ್ಲ. ಒಂದು ತಪ್ಪು ಸರಿಪಡಿಸಿದರೆ ಎರಡು ಹೊಸದು ಹುಟ್ಟುತ್ತವೆ. ಗುರುವಾರ ಎರಡು ಮೀಟಿಂಗುಗಳ ನಡುವೆ ಅವ್ವನ ಫೋನು ಬಂತು.

"ಕೆಲಸ ಹೆಂಗ ನಡದೈತಿ?"

"ಹೆಚ್ಚೈತವ್ವಾ. ಆಮ್ಯಾಲ ಮಾತಾಡ್ತೇನಿ," ಎಂದು ಇಟ್ಟುಬಿಟ್ಟೆ. ಕೆಲಸ ಜಾಸ್ತಿಯಾಗಿದೆ ಎಂಬುದು ನನ್ನ ಅರ್ಥ.

ಮೀಟಿಂಗ್ ಮುಗಿಸಿ ನೋಡಿದರೆ ಹದಿನೇಳು ಮಿಸ್ಡ್ ಕಾಲ್. ಮೊದಲು ಎತ್ತಿದ್ದು ಸಿಂದಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಚನ್ನಪ್ಪ ಮಾಮಾನ ಫೋನು. ಅವ್ವನ ತಮ್ಮ.

"ಲೀಲಾ, ಅಳಬ್ಯಾಡವಾ. ಇಂಥವೆಲ್ಲಾ ಬರ್ತಾವು, ಹೋಗ್ತಾವು. ಮುದ್ದೇಬಿಹಾಳದಾಗ ನಮ್ಮ ಗಿರಾಕಿಯವರದೊಂದು ಸಾಲಿ ಐತಿ, ಕಂಪ್ಯೂಟರ್ ಟೀಚರ್ ಬೇಕಾಗ್ಯಾರಂತ. ನಾ ಮಾತಾಡೇನಿ. ಸೋಮವಾರ ಬಂದ್ ಭೆಟ್ಟಿಯಾಗ್ತಾಳ ಅಂತ ಹೇಳೀನಿ."

"ಮಾಮಾ, ನಾ ಫಿನ್ಲೆಂಡಿನ್ಯಾಗ ಅದೀನ್ರಿ!"

"ಹಂಗಾರ ಮುಂದಿನ ಸೋಮವಾರ ಅಂತ ಹೇಳ್ತೇನಿ ತಗೋ."

ಅವ್ವನಿಗೆ ಫೋನ್ ಮಾಡಿದೆ. ಅವಳ ದನಿ ಬಿದ್ದುಹೋಗಿತ್ತು. "ನೀನ ಅಂದೆಲ್ಲಾ, ಹೆಚ್ಚೈತಿ ಅಂತ?"

"ಅವ್ವಾ, ಜಾಸ್ತಿ ಆಗೇತಿ ಅಂತ ಅಂದ್ನಿ. ಮುಗದೈತಿ ಅಂತ ಅಲ್ಲ!"

"ಹುಚ್ಚಿ, ಜಾಸ್ತಿ ಆದ್ರ ಭಾಳ ಐತಿ ಅನ್ನಬೇಕು. ಹೆಚ್ಚೈತಿ ಅಂದ್ರ ಹೆಚ್ಚೈತಿ. ನನ್ನ ಜೀವಾ ಬಾಯಿಗಿ ಬಂದಿತ್ತು." ಆಮೇಲೆ, "ಬಿಡ್ತು ಅನ್ನು," ಎಂದಳು.

"ಬಿಡ್ತು."

ಇಬ್ಬರೂ ನಕ್ಕೆವು. ಆದರೆ ಫೋನ್ ಇಟ್ಟ ಮೇಲೆ ನನ್ನ ನಗು ಉಳಿಯಲಿಲ್ಲ. ಹೊರ್ತಿ ಕ್ರಾಸಿನಲ್ಲಿ ಒಂದು ತಪ್ಪು ಮಾತು, ಇಲ್ಲಿ ಇನ್ನೊಂದು. ನನ್ನ ಬಾಯಿಯೇ ನನ್ನ ಕೆಲಸಕ್ಕೆ ಮುಳುವಾಗುತ್ತಿದೆ ಅನ್ನಿಸತೊಡಗಿತು.

ಶನಿವಾರ, ಬೆವರಿನ ಕೋಣೆ

ಹೆಲ್ಮಿ ತನ್ನ ಮನೆಯ ಸೌನಾಕ್ಕೆ ಕರೆದಳು. ಕಟ್ಟಿಗೆಯ ಪುಟ್ಟ ಕೋಣೆ, ಮೂಲೆಯಲ್ಲಿ ಕಾದ ಕಲ್ಲು, ಅದರ ಮೇಲೆ ನೀರು ಹಾಕಿದರೆ ಮೈ ಸುಡುವ ಹಬೆ. ಬಟ್ಟೆಯಿಲ್ಲದೆ ಕೂರುವುದು ರೂಢಿಯಂತೆ. ನಾನು ಅವ್ವನ ಹಳೆಯ ಕಾಟನ್ ಸೀರೆಯನ್ನು ಎರಡು ಸುತ್ತು ಸುತ್ತಿಕೊಂಡು ಕೂತೆ. ನಮ್ಮ ಊರಿನಲ್ಲಿ ಈ ಬೇಗೆಗೆ ಏಪ್ರಿಲ್ ಎನ್ನುತ್ತೇವೆ, ಅದಕ್ಕಾಗಿ ಯಾರೂ ಕೋಣೆ ಕಟ್ಟಿಸುವುದಿಲ್ಲ ಎಂದೆ. ಹೆಲ್ಮಿ ಬಿದ್ದು ಬಿದ್ದು ನಕ್ಕಳು. ಆಫೀಸಿನಲ್ಲಿ ತುಟಿ ಬಿಚ್ಚದವರು ಅಲ್ಲಿ ಮಾತ್ರ ಮನಸ್ಸು ಬಿಚ್ಚುತ್ತಾರೆ.

"ಇದು ನನ್ನ ಐದನೆಯ ಕಂಪನಿ," ಅಂದಳು. "ಮೊದಲ ನಾಲ್ಕರಲ್ಲೂ ಗೇಮ್ ಬಿಡುಗಡೆಯಾಯಿತು, ಕೇಕ್ ಕತ್ತರಿಸಿದರು, ಎರಡು ವಾರದೊಳಗೆ ನಾನು ಹೊರಗೆ. ಮನೆ ಕಟ್ಟುವವರು ಒಂದು ಮನೆ ಮುಗಿದರೆ ಇನ್ನೊಂದಕ್ಕೆ ಹೋಗುತ್ತಾರೆ. ನಮಗೆ ಆ ಇನ್ನೊಂದು ಮನೆ ಯಾವಾಗ ಏಳುತ್ತದೋ ಗೊತ್ತಿರುವುದಿಲ್ಲ. ಮೊದಲು ಆರು ತಿಂಗಳು ಕಾಯುತ್ತಿದ್ದೆ. ಕಳೆದ ಸಲ ಎರಡು ವರ್ಷ ಕಾದೆ. ಆಗ ಹೂವಿನ ಅಂಗಡಿಯಲ್ಲಿ ಕೆಲಸ ಮಾಡಿದೆ."

"ಮತ್ತೆ ಯಾಕೆ ಬಂದಿರಿ?"

"ಇದು ಬಿಟ್ಟು ನನಗೆ ಇನ್ನೇನು ಚೆನ್ನಾಗಿ ಬರುತ್ತದೆ? ನಿನಗೆ?"

ಅಷ್ಟು ಬಿಸಿಯಲ್ಲೂ ನನಗೆ ಚಳಿ ಹತ್ತಿತು. ಕಾಯಂ ಮಾಡುವುದು ಒಬ್ಬರನ್ನು. ಅದು ಇವಳಾದರೆ ನಾನಿಲ್ಲ, ನಾನಾದರೆ ಇವಳಿಲ್ಲ. ಅವಳಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ನನಗೆ ತಣ್ಣನೆಯ ನೀರು ತಂದುಕೊಟ್ಟಳು. ನಾನು ಅವಳ ಕಣ್ಣು ತಪ್ಪಿಸಿ ಕುಡಿದೆ.

ಎರಡನೆಯ ಮಂಗಳವಾರ

ಈಗ ನಾನು ಮಾಡಿದ ತಪ್ಪನ್ನು ಹೇಳಬೇಕು.

ನಮ್ಮ ಗೇಮಿನಲ್ಲಿ ಹಿಮ ಬಿದ್ದ ಒಂದು ಬಂದರು ಇದೆ. ಆ ಬಂದರಿನ ಕೊನೆಗೆ ಕಲ್ಲಿನ ಪುಟ್ಟ ಗುಡಿ, ಅದರೊಳಗೆ ಕೈಯಲ್ಲಿ ದೀಪ ಹಿಡಿದ ಒಂದು ಹೆಣ್ಣುಮೂರ್ತಿ. ಆಟಗಾರ ಒಳಗೆ ಹೋಗಿ ದೀಪದ ಎಣ್ಣೆ ತೆಗೆದುಕೊಂಡು ಬರಬೇಕು, ಅಷ್ಟೇ. ನೂರು ಸಲ ಆ ಗುಡಿಗೆ ಹೋಗಿ ಬಂದಿದ್ದೆ. ಮಂಗಳವಾರ ತಲೆ ತುಂಬ ದಣಿದಿತ್ತು. ಎಣ್ಣೆ ತೆಗೆದುಕೊಂಡೆ. ತಿರುಗಿ ಹೊರಡುವ ಬದಲು, ಮೂರ್ತಿಗೆ ಮುಖ ಮಾಡಿಯೇ ಒಂದೊಂದು ಹೆಜ್ಜೆ ಹಿಂದಕ್ಕೆ ಇಡುತ್ತ ಬಾಗಿಲಿಗೆ ಬಂದೆ. ಬಸವನ ಬಾಗೇವಾಡಿಯ ಗುಡಿಗೆ ಎಳವೆಯಲ್ಲಿ ಹೋದಾಗಲೆಲ್ಲ ನನ್ನ ಆಯಿ, ಅಂದರೆ ಅವ್ವನ ತಾಯಿ, ತಲೆಗೆ ಮೊಟಕಿ ಕಲಿಸಿದ ನಡಿಗೆ ಅದು. ದೇವರಿಗೆ ಬೆನ್ನು ತೋರಿಸಬಾರದು. ಕೈಬೆರಳು ತಾನಾಗಿಯೇ ಹಾಗೆ ಒತ್ತಿತು. ಗೇಮಿನ ದೇವರಿಗೂ ನಾನು ಬೆನ್ನು ತೋರಿಸಲಿಲ್ಲ.

ಹೊಸ್ತಿಲಿಗೆ ಹಿಮ್ಮಡಿ ತಗುಲಿತು. ನೆಲ ಬಾಯಿ ಬಿಟ್ಟಿತು. ಸೀದಾ ಕೆಳಗೆ ಬಿದ್ದೆ. ಬಂದರು, ಹಿಮ, ಗುಡಿ ಎಲ್ಲ ತಲೆಯ ಮೇಲೆ ಚಿಕ್ಕದಾಗುತ್ತ ಹೋದವು. ಕೆಳಗೆ ಬರೀ ಕಪ್ಪು, ತಳವೇ ಇಲ್ಲ.

ಕುರ್ಚಿಯಲ್ಲೇ ಕೂತಿದ್ದರೂ ಚೀರಿಬಿಟ್ಟೆ. ಹೂವಿನ ಹಿಪ್ಪರಗಿಯಲ್ಲಿ ಆಯಿಯ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿಡುವ ಆಳದ ಕುಣಿ. ಬಾಯಿಯ ಕಲ್ಲು ಸರಿಸಿದರೆ ಒಳಗೆ ಇಂಥದೇ ಕಪ್ಪು. ಕೆಟ್ಟ ಗಾಳಿ ತುಂಬಿದ್ದರೆ ಇಳಿದವರು ಮೇಲೆ ಬರುವುದಿಲ್ಲ, ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉಳಿದರೆ ಆಳು ಇಳಿಯಬೇಕು. ನನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಆ ಕಂದೀಲಿನ ಕೆಲಸ ಎಂದೇ ಹೇಳುತ್ತೇನೆ.

ಪಕ್ಕದ ಪರದೆಯಲ್ಲಿ ಹೆಗ್ಗಣದ ಪಟ್ಟಿ ನೋಡಿದೆ. ಆ ಗುಡಿಯನ್ನು ಅದು ಸಾವಿರಾರು ಸಲ ಹೊಕ್ಕು ಬಂದಿತ್ತು. 'ತಪ್ಪಿಲ್ಲ' ಎಂದು ಬರೆದಿತ್ತು. ಅದು ಯಾವಾಗಲೂ ತಿರುಗಿಯೇ ಹೊರಡುತ್ತಿತ್ತು. ಅದಕ್ಕೆ ಆಯಿ ಇರಲಿಲ್ಲ. ಇನ್ನೂ ಒಂದು ವಿಷಯ: ಆ ಹೊತ್ತಿಗೆ ಹೆಗ್ಗಣ ನನ್ನನ್ನು ನೋಡುತ್ತಿರಲಿಲ್ಲ. ಮಂಗಳವಾರದ ದಾಖಲೆ ಮಧ್ಯಾಹ್ನವೇ ಮುಗಿದಿತ್ತು.

ತಕ್ಷಣ ಬರೆದು ಕಳಿಸಬೇಕಿತ್ತು. ಮೂರು ವರ್ಷದಲ್ಲಿ ಒಂದೇ ಒಂದು ತಪ್ಪನ್ನೂ ಮುಚ್ಚಿಟ್ಟವಳಲ್ಲ. ವರದಿಯ ಹಾಳೆ ತೆರೆದೆ. ಬೆರಳು ಮುಂದೆ ಹೋಗಲಿಲ್ಲ. ಎಲ್ಲವನ್ನೂ ಕೊಟ್ಟುಬಿಟ್ಟರೆ ನನ್ನ ಹತ್ತಿರ ಉಳಿಯುವುದೇನು ಎಂದು ಯಾರೋ ಒಳಗಿನಿಂದ ಕೇಳಿದಂತಾಯಿತು. ನಾಳೆ ಬರೆದರಾಯಿತು ಎಂದುಕೊಂಡು ಹಾಳೆ ಮುಚ್ಚಿದೆ. ಉಳಿದುಕೊಂಡಿದ್ದ ಕೋಣೆಗೆ ನಡೆಯುವಾಗ ಪ್ರತಿ ಹೆಜ್ಜೆಗೂ ನೆಲವನ್ನು ನೋಡಿಕೊಂಡೇ ಹೋದೆ.

ಬುಧವಾರ, ಬೆಳಿಗ್ಗೆ ಹತ್ತು

ಎಲ್ಲರನ್ನೂ ದೊಡ್ಡ ಕೋಣೆಗೆ ಕರೆದರು. ಕಾಫಿ ಇಟ್ಟಿದ್ದರು, ಅರವತ್ತರಲ್ಲಿ ಒಬ್ಬರೂ ಮುಟ್ಟಲಿಲ್ಲ. ಈ ಜನ ದಿನಕ್ಕೆ ಏಳೆಂಟು ಸಲ ಕಾಫಿ ಕುಡಿಯುತ್ತಾರೆ.

ಯುಕ್ಕಾ ಎದ್ದು ನಿಂತ. ಗಡ್ಡ ಸವರಿಕೊಂಡ. "ನೋ ನೀನ್," ಅಂದ. ಈ ಸಲ ದನಿಯ ಅರ್ಥ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಒಂದು ಕಾಗದ ಓದಿದ. ಕಂಪನಿ 'ಬದಲಾವಣೆಯ ಮಾತುಕತೆ' ಆರಂಭಿಸುತ್ತಿದೆ ಎಂದಿತ್ತು. ಏನು ಮಾತುಕತೆ, ಯಾರ ಜೊತೆ ಎಂದು ಹೆಲ್ಮಿಯ ಕಿವಿಯಲ್ಲಿ ಕೇಳಿದೆ. "ಕೆಲಸದಿಂದ ತೆಗೆಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ," ಅಂದಳು. ನನಗೆ ಅವ್ವನ ನೆನಪಾಯಿತು. ಇಲ್ಲಿಯೂ ಮುಗಿಯಿತು ಎನ್ನುವುದಿಲ್ಲ. ಇಲ್ಲಿಯೂ ಹೆಚ್ಚುತ್ತದೆ.

ಕಾಯಂ ಇದ್ದವರಲ್ಲಿ ಎಷ್ಟು ಜನ ಹೋಗಬೇಕೆಂದು ಮಾತುಕತೆಯ ನಂತರ ಗೊತ್ತಾಗುವುದಿತ್ತು. ಕರಾರಿನವರಿಗೆ ಅಷ್ಟೂ ಕಾಯುವ ಗೋಜಿರಲಿಲ್ಲ. ಯಾರ ಕರಾರೂ ಮುಂದುವರಿಯುವುದಿಲ್ಲ, ಯಾರನ್ನೂ ಕಾಯಂ ಮಾಡುವುದಿಲ್ಲ. ಗೇಮ್ ಹೇಳಿದ ದಿನಕ್ಕೇ ಬಿಡುಗಡೆಯಾಗುತ್ತದೆ. ಉಳಿದ ಪರೀಕ್ಷೆಯನ್ನು ಹೆಗ್ಗಣ ನೋಡಿಕೊಳ್ಳುತ್ತದೆ.

ಹೆಲ್ಮಿಯೂ ಇಲ್ಲ, ನಾನೂ ಇಲ್ಲ. ನಾಲ್ಕು ದಿನದಿಂದ ಅವಳ ಕಣ್ಣು ತಪ್ಪಿಸಿ ಓಡಾಡಿದ್ದಕ್ಕೆ ನಾಚಿಕೆಯಾಯಿತು. ಅವಳು ಎದ್ದು ಹೋಗಿ ಎರಡು ಲೋಟ ಕಾಫಿ ತಂದಳು, ಒಂದನ್ನು ನನ್ನ ಕೈಗಿಟ್ಟಳು. ಹಿಡಿಯುವಾಗ ಅರ್ಧ ಚೆಲ್ಲಿತು. ಯುಕ್ಕಾ ನಮ್ಮ ಹತ್ತಿರ ಬಂದ, ಬಟ್ಟೆ ತಂದು ಚೆಲ್ಲಿದ ಕಾಫಿ ಒರೆಸಿದ. ಅವನ ಹೆಸರೂ ಆ ಮಾತುಕತೆಯ ಪಟ್ಟಿಯಲ್ಲಿತ್ತು ಎಂದು ಆಮೇಲೆ ತಿಳಿಯಿತು.

ಆ ದಿನ ಅವ್ವ ಫೋನ್ ಮಾಡಿ ಕೆಲಸ ಹೇಗಿದೆ ಎಂದು ಕೇಳಿದಳು. "ಭಾಳ ಐತವ್ವಾ," ಎಂದೆ. ಅವಳೇ ಕಲಿಸಿದ ಮಾತಿನಿಂದ ಅವಳಿಗೇ ಸುಳ್ಳು ಹೇಳಿದೆ.

ಕೊನೆಯ ಶುಕ್ರವಾರ

ಹೊರಡುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಲ್ಯಾಪ್‌ಟಾಪ್ ಒಪ್ಪಿಸಿದ್ದೀರಾ, ಬಾಗಿಲಿನ ಕಾರ್ಡು ಕೊಟ್ಟಿದ್ದೀರಾ ಎಂಬಂಥ ಪ್ರಶ್ನೆಗಳು. ಕೊನೆಯದು: 'ನಿಮಗೆ ಗೊತ್ತಿದ್ದೂ ವರದಿ ಮಾಡದ ತಪ್ಪು ಯಾವುದಾದರೂ ಗೇಮಿನಲ್ಲಿ ಉಳಿದಿದೆಯೇ?'

ಇವರಿಗೆ ಗೊತ್ತಾಗಿದೆಯೇ? ಸುತ್ತ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರಿಗೂ ಕೇಳುವ ಪ್ರಶ್ನೆಯೇ ಇರಬೇಕು.

ಆ ತೂತನ್ನು ಯಾರಾದರೂ ಆಟಗಾರ ಕಂಡುಹಿಡಿದರೆ ಯಂತ್ರಕ್ಕೆ ತಿಳಿಯದ ತಪ್ಪೂ ಇರುತ್ತದೆ ಎಂದು ಇವರಿಗೆ ಅರಿವಾಗಬಹುದು, ನನ್ನನ್ನು ಮತ್ತೆ ಕರೆಯಬಹುದು. ಇದು ಆಸೆ. ಅಥವಾ ಆ ಮಂಗಳವಾರ ನಾನು ಆ ಗುಡಿಯಲ್ಲಿ ಆಡಿದ್ದರ ಗುರುತು ಎಲ್ಲೋ ಸಿಕ್ಕಿ, ಬೇಕೆಂದೇ ಮುಚ್ಚಿಟ್ಟಳು ಎಂದು ಗೊತ್ತಾಗಿ, ಇನ್ನು ಯಾವ ಕಂಪನಿಯೂ ನನ್ನನ್ನು ಬಾಗಿಲಿನೊಳಗೆ ಬಿಡದಿರಬಹುದು. ಇದು ಹೆದರಿಕೆ. ಎರಡನ್ನೂ ತೂಗಿ ನೋಡಿದೆ, ಹೆದರಿಕೆಯೇ ಭಾರವಾಗಿತ್ತು. ಆದರೂ ಆ ಖಾಲಿ ಜಾಗದಲ್ಲಿ 'ಇಲ್ಲ' ಎಂದು ಬರೆದೆ. ಪೂರ್ತಿ ಬರಿಗೈಯಲ್ಲಿ ಹೊರಡುವುದಕ್ಕೆ ಮನಸ್ಸು ಬರಲಿಲ್ಲ, ಅಷ್ಟೇ.

ಹೆಲ್ಮಿ ಸ್ಟೇಶನ್ನಿಗೆ ಬಂದಿದ್ದಳು. ಬಿಲ್ಲೆ ಬಿಚ್ಚಿ ಕೊಡಹೋದೆ, ಇಟ್ಟುಕೋ ಎಂದಳು. ರೈಲು ಹೊರಡುವಾಗ, "ಬರ್ತೇನಿ" ಎಂದೆ, ಕನ್ನಡದಲ್ಲೇ. ಅವಳಿಗೆ ತಿಳಿಯಲಿಲ್ಲ. "ನೋ ನೀನ್," ಎಂದು ಕೈಬೀಸಿದಳು.

ಮತ್ತೆ ಹೊರ್ತಿ ಕ್ರಾಸ್

ಸೋಲಾಪುರದ ಬಸ್ಸು ನನ್ನನ್ನು ಇಳಿಸಿದಾಗ ಮುಸ್ಸಂಜೆ. ಕರೆಂಟು ಹೋಗಿ ಕ್ರಾಸಿನ ಅಂಗಡಿಗಳೆಲ್ಲ ಕತ್ತಲಾಗಿದ್ದವು. ಅವ್ವನ ಸ್ಕೂಟಿಯ ಬೆಳಕು ಅಷ್ಟು ದೂರದಿಂದ ಬಂದು ಸೀದಾ ನನ್ನ ಚೀಲದ ಬಿಲ್ಲೆಯ ಮೇಲೆ ಬಿತ್ತು.

"ಏನವಾ ಅದು ಪಳಪಳ ಅನ್ನೂದು? ದೂರಿಂದನ ಗುರ್ತ ಹಿಡದ್ನಿ," ಎಂದಳು. ಪೆಟ್ಟಿಗೆಯನ್ನು ಕಾಲಿನ ಹತ್ತಿರ ಇಟ್ಟುಕೊಂಡಳು. ನಾನು ಹಿಂದೆ ಕೂರಲಿಲ್ಲ. ಅಲ್ಲೇ ನಿಂತೆ.

"ಅವ್ವಾ, ಕೆಲಸ ಹೆಚ್ಚೈತಿ."

ಅವ್ವ ಗಾಡಿ ಬಂದ್ ಮಾಡಿದಳು. "ಭಾಳ ಐತೋ, ಹೆಚ್ಚೈತೋ?"

"ಹೆಚ್ಚೈತಿ."

ಹೆದ್ದಾರಿಯಲ್ಲಿ ನಾಲ್ಕೈದು ಲಾರಿ ಹಾದುಹೋದವು. ಹತ್ತು ದಿನದಿಂದ ಹೆದರಿದ್ದು ಈ ಒಂದು ಗಳಿಗೆಗೆ. ಅವಳು ಅಳುತ್ತಾಳೆ, ಇಲ್ಲವೇ ಚನ್ನಪ್ಪ ಮಾಮಾನಿಗೆ ಫೋನ್ ಹಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ನನ್ನ ಸ್ವೆಟರಿನ ಗುಂಡಿ ಹಾಕಿದಳು.

"ಹೆಚ್ಚಲಿ ತಗೋ. ತಳದಾಗ ಒಂದ್ ಹಿಡಿಯರೆ ಬಿಟ್ಟ್ ಬಂದಿ ಇಲ್ಲೋ?"

ಅವಳು ಯಾವುದರ ಬಗ್ಗೆ ಕೇಳಿದಳೋ ನನಗೆ ತಿಳಿಯದು. ನನಗೆ ಮಾತ್ರ ಆ ಕಲ್ಲಿನ ಗುಡಿಯ ಹೊಸ್ತಿಲು ಕಣ್ಣೆದುರು ಬಂತು.

"ಬಿಟ್ಟೇನವ್ವಾ," ಎಂದೆ.

"ಹಂಗಾರ ಹತ್ತು. ರೊಟ್ಟಿ ಆರ್ತಾವು."

ಗೇಮ್ ಈಗ ಬಿಡುಗಡೆಯಾಗಿದೆ. ಮುದ್ದೇಬಿಹಾಳದ ಶಾಲೆಯವರು ಮುಂದಿನ ಸೋಮವಾರ, ಮುಂದಿನ ಸೋಮವಾರ ಎಂದು ಇನ್ನೂ ನನ್ನ ದಾರಿ ನೋಡುತ್ತಿದ್ದಾರೆ. ನಾನು ದಿನಾ ಬೆಳಿಗ್ಗೆ ಚಹಾ ಹಿಡಿದು ಮೇಲಿನ ಕೋಣೆಯಲ್ಲಿ ಕೂತು, ಆಟಗಾರರು ದೂರು ಬರೆಯುವ ಪುಟವನ್ನು ನಡುಗುತ್ತ ತೆರೆಯುತ್ತೇನೆ. ಜಪಾನಿನವರು, ಬ್ರೆಜಿಲ್ಲಿನವರು, ಪೋಲೆಂಡಿನವರು ಏನೇನೋ ಬರೆದಿರುತ್ತಾರೆ. ಗುಡಿಯೊಳಗೆ ಬಿದ್ದವರು ಇದುವರೆಗೆ ಒಬ್ಬರೂ ಇಲ್ಲ. ಎಲ್ಲರೂ ಎಣ್ಣೆ ತೆಗೆದುಕೊಂಡು, ಮೂರ್ತಿಗೆ ಬೆನ್ನು ತಿರುಗಿಸಿ, ಸುರಕ್ಷಿತವಾಗಿ ಹೊರಗೆ ಬರುತ್ತಿದ್ದಾರೆ. ಮೊನ್ನೆಯಷ್ಟೇ ಇಂಡಿ ಊರಿನ ಒಬ್ಬ ಹುಡುಗಿ, ಅವ್ವನ ಹಳೆಯ ವಿದ್ಯಾರ್ಥಿನಿ, ಮನೆಗೆ ಬಂದು, "ಅಕ್ಕಾರ, ನೀವು ಕೆಲಸ ಮಾಡಿದ್ದ ಆ ಆಟಾ ನಾನೂ ತಗೊಂಡೇನ್ರಿ" ಎಂದು ಹೇಳಿಹೋದಳು. ಅವಳಿಗೂ ಮನೆಯಲ್ಲಿ ಆಯಿ ಇದ್ದಾಳೆ. ಅಂದಿನಿಂದ ನನ್ನ ಊಟ ಮತ್ತೆ ಕಡಿಮೆಯಾಗಿದೆ.